ಬಾತಿಗೆ ಹಲ್ಲಿಲ್ಲ, ಪ್ರಾಯ ತಿಳಿಯುವುದು ಹೇಗೆ?

ದನ ಕೊಳ್ಳಲು ಹೋದರೆ ಬಾಯಿ ಬಿಡಿಸಿ ಹಲ್ಲು ನೋಡುತ್ತೇವೆ. ಕೊಂಬಿನ ಬುಡದ ಬಳೆ ಎಣಿಸುತ್ತೇವೆ. ಆಡಿಗೂ ಹಲ್ಲಿದೆ. ಹುಂಜಕ್ಕಾದರೆ ಕಾಲಿನ ಮುಳ್ಳು ಉದ್ದವೋ ಗಿಡ್ಡವೋ ನೋಡಿದರಾಯಿತು. ಬಾತುಕೋಳಿಗೆ? ಹಲ್ಲಿಲ್ಲ, ಕೊಂಬಿಲ್ಲ, ಕಾಲಿನಲ್ಲಿ ಮುಳ್ಳೂ ಇಲ್ಲ. ಐದು ತಿಂಗಳಿನದೂ ನಾಲ್ಕು ವರ್ಷದ್ದೂ ಹಿಂಡಿನಲ್ಲಿ ನಿಂತರೆ ಒಂದೇ ಥರ ಕಾಣುತ್ತವೆ. "ಐದು ತಿಂಗಳಿನ ಮಾಲು ಅಣ್ಣಾ, ಇನ್ನೇನು ಮೊಟ್ಟೆಗೆ ಬಂತು" ಎಂದು ಮಾರುವವ ಹೇಳಿದರೆ ನಂಬುವುದೇ ದಾರಿ ಎಂದುಕೊಂಡವರು ಬಹಳ ಮಂದಿ.

ನಂಬಿದರೆ ನಷ್ಟ ಎಷ್ಟು? ಲೆಕ್ಕ ಹಾಕಿ ನೋಡಿ. ಬೆಳೆದ ಬಾತು ದಿನಕ್ಕೆ 120ರಿಂದ 150 ಗ್ರಾಂ ಆಹಾರ ತಿನ್ನುತ್ತದೆ. ವರ್ಷಕ್ಕೆ 44ರಿಂದ 55 ಕಿಲೋ. ಹತ್ತು ಬಾತು ಸಾಕಿದರೆ ನಾಲ್ಕೂವರೆ - ಐದೂವರೆ ಕ್ವಿಂಟಲ್. ತೋಟದ ಕಣಿಯಲ್ಲಿ, ಗದ್ದೆಯಲ್ಲಿ ಮೇಯಲು ಬಿಟ್ಟರೆ ಇದರಲ್ಲಿ ಸ್ವಲ್ಪ ಉಳಿದೀತು. ಆದರೆ ಮೊಟ್ಟೆ ಮುಗಿಸಿ ಕೂತ ಮುದಿ ಬಾತೂ ತಿನ್ನುವುದು ಇಷ್ಟನ್ನೇ. ಖಾಕಿ ಕ್ಯಾಂಪ್‌ಬೆಲ್ ತಳಿ ಒಳ್ಳೆಯ ಆರೈಕೆಯಲ್ಲಿ ಮೊದಲ ವರ್ಷ 250ಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ. ಎರಡನೇ, ಮೂರನೇ ವರ್ಷವೂ ಕೋಳಿಯಷ್ಟು ಬೇಗ ಇಳುವರಿ ಬೀಳುವುದಿಲ್ಲ. ಆ ವರ್ಷಗಳೆಲ್ಲ ಬೇರೆಯವರ ಹಟ್ಟಿಯಲ್ಲಿ ಕಳೆದ ಮೇಲೆ ನಮ್ಮಲ್ಲಿಗೆ ಬಂದರೆ ಏನು ಪ್ರಯೋಜನ?

ಇದಕ್ಕೆ ತಿರುಗಾಮುರುಗಾ ಇನ್ನೊಂದು ನಷ್ಟವೂ ಉಂಟು. ಪುಕ್ಕ ಉದುರಿ, ಮೊಟ್ಟೆ ನಿಲ್ಲಿಸಿದ ಒಳ್ಳೆಯ ಬಾತನ್ನು "ಇದಕ್ಕೆ ಪ್ರಾಯ ಆಯ್ತು" ಎಂದು ಮಾಂಸಕ್ಕೆ ಕೊಟ್ಟುಬಿಡುವುದು. ಎರಡೂ ತಪ್ಪಬೇಕಾದರೆ ಪ್ರಾಯ ಮತ್ತು ಗರಿ, ಇವೆರಡನ್ನೂ ಓದಲು ಕಲಿಯಬೇಕು. ಕಷ್ಟದ ವಿದ್ಯೆ ಏನಲ್ಲ.

ಮೊದಲು ಹಿಡಿಯುವುದು ಹೇಗೆ?

ಕೋಳಿಯಂತೆ ಕಾಲು ಹಿಡಿದು ನೇತಾಡಿಸಬೇಡಿ. ಬಾತಿನ ಕಾಲು ಬಲಹೀನ, ಉಳುಕಿದರೆ ಅಥವಾ ಕೀಲು ತಪ್ಪಿದರೆ ಮತ್ತೆ ಸರಿಯಾಗುವುದು ಕಷ್ಟ. ಮೂಲೆಗೆ ನಿಧಾನವಾಗಿ ಅಟ್ಟಿ, ಕತ್ತನ್ನು ಮೆತ್ತಗೆ ಹಿಡಿದು, ಕೂಡಲೇ ಇನ್ನೊಂದು ಕೈಯನ್ನು ಹೊಟ್ಟೆಯಡಿ ಕೊಟ್ಟು ಎತ್ತಿ. ರೆಕ್ಕೆ ಬಡಿಯದಂತೆ ಕಂಕುಳಲ್ಲಿ ಇಟ್ಟುಕೊಂಡರೆ ಅದು ಸುಮ್ಮನಾಗುತ್ತದೆ. ಆಮೇಲೆ ಕೊಕ್ಕಿನಿಂದ ಬಾಲದವರೆಗೆ ನಿಧಾನವಾಗಿ ನೋಡಬಹುದು.

ಮರಿಗಳಲ್ಲಿ ವಾರದ ಲೆಕ್ಕ

ಎರಡೂವರೆ ತಿಂಗಳವರೆಗೆ ಗರಿಯೇ ಪಂಚಾಂಗ. ಗರಿ ಬರುವುದಕ್ಕೆ ಒಂದು ಕ್ರಮ ಇದೆ. ಅದನ್ನು ನೆನಪಿಟ್ಟರೆ ಮರಿಯ ಪ್ರಾಯವನ್ನು ಹೆಚ್ಚುಕಡಿಮೆ ಒಂದು ವಾರದೊಳಗೆ ಹೇಳಬಹುದು.

ಮೊದಲ ವಾರ: ಮೈಯೆಲ್ಲ ಮೆತ್ತನೆಯ ತುಪ್ಪುಳ. ಮೊಟ್ಟೆ ಒಡೆಯಲು ಇರುವ ಬಿಳಿಯ ಚುಕ್ಕೆಯಂಥ ಗಟ್ಟಿ ಭಾಗ ಕೊಕ್ಕಿನ ತುದಿಯಲ್ಲಿ ಕಾಣುತ್ತದೆ. ಕೆಲವು ದಿನಗಳಲ್ಲಿ ಅದು ಬಿದ್ದುಹೋಗುತ್ತದೆ.

ಎರಡನೇ ವಾರ: ಮೈ ಉದ್ದವಾಗುತ್ತದೆ, ತುಪ್ಪುಳದ ಬಣ್ಣ ಮಾಸುತ್ತದೆ. ಗರಿ ಇನ್ನೂ ಇಲ್ಲ.

ಮೂರನೇ ವಾರ: ಭುಜದ ಮೇಲೆ, ಪಕ್ಕೆಯಲ್ಲಿ, ಬಾಲದಲ್ಲಿ ಮುಳ್ಳಿನಂಥ ಮೊಳಕೆ ಗರಿ.

ನಾಲ್ಕು - ಐದನೇ ವಾರ: ಎದೆ, ಹೊಟ್ಟೆ ಗರಿಯಿಂದ ಮುಚ್ಚುತ್ತವೆ. ತಲೆ, ಕತ್ತು, ಬೆನ್ನಿನಲ್ಲಿ ಇನ್ನೂ ತುಪ್ಪುಳ.

ಆರನೇ ವಾರ: ತಲೆ, ಕತ್ತು ಮುಚ್ಚಿದವು. ಬೆನ್ನಿನ ನಡುವೆ ಮಾತ್ರ ತುಪ್ಪುಳದ ಪಟ್ಟಿ. ರೆಕ್ಕೆಯ ದೊಡ್ಡ ಗರಿಗಳು ಇನ್ನೂ ನೀಲಿಛಾಯೆಯ ಕೊಳವೆಯೊಳಗೇ ಇವೆ.

ಏಳು - ಎಂಟನೇ ವಾರ: ಬೆನ್ನೂ ಮುಚ್ಚಿತು. ಮೈ ನೋಡಿದರೆ ದೊಡ್ಡ ಬಾತಿನಂತೆಯೇ. ರೆಕ್ಕೆ ಮಾತ್ರ ಗಿಡ್ಡ.

ಒಂಬತ್ತು - ಹತ್ತನೇ ವಾರ: ರೆಕ್ಕೆಯ ಗರಿ ಪೂರ್ತಿ ಬೆಳೆದು ತುದಿಗಳು ಬಾಲದ ಬುಡದ ಮೇಲೆ ಕೂಡುತ್ತವೆ.

ಆಹಾರ ಸಾಲದ, ಚಳಿ ಬಡಿದ ಮರಿಗಳಲ್ಲಿ ಇದು ಒಂದೆರಡು ವಾರ ಹಿಂದೆ ಬೀಳಬಹುದು. ಆದ್ದರಿಂದ ಮಾರುವವ "ಎಂಟು ವಾರ" ಎಂದರೂ ಬೆನ್ನಿನಲ್ಲಿ ತುಪ್ಪುಳ ಅಗಲವಾಗಿ ಇದ್ದರೆ ಎರಡರಲ್ಲಿ ಒಂದು: ಮರಿ ಸಣ್ಣದು, ಇಲ್ಲವೇ ಸೊರಗಿದ್ದು. ಎರಡಕ್ಕೂ ಎಂಟು ವಾರದ ಬೆಲೆ ಕೊಡಬೇಕಿಲ್ಲ. ನೀಲಿ ಕೊಳವೆಯೊಳಗಿನ ಗರಿಯಲ್ಲಿ ರಕ್ತ ಇರುತ್ತದೆ. ಅದನ್ನು ಕತ್ತರಿಸಬೇಡಿ, ಕೀಳಬೇಡಿ.

ಬಾಲದ ತುದಿಯಲ್ಲಿ ಕಚ್ಚು

ಮೈ ತುಂಬಿದ ಮೇಲೆ ಏನು ಮಾಡುವುದು? ಬಾಲದ ಗರಿಯನ್ನು ಬಿಡಿಸಿ ಒಂದೊಂದರ ತುದಿ ನೋಡಿ. ಮರಿಯ ಮೊದಲ ಬಾಲದ ಗರಿ ಹುಟ್ಟುವಾಗ ತುದಿಯಲ್ಲಿ ತುಪ್ಪುಳವನ್ನು ಹೊತ್ತುಕೊಂಡೇ ಬರುತ್ತದೆ. ಮುಂದೆ ಆ ತುಪ್ಪುಳ ಮುರಿದುಹೋಗಿ ಗರಿಯ ತುದಿಯಲ್ಲಿ ಇಂಗ್ಲಿಷಿನ ‘ವಿ’ ಆಕಾರದ ಕಚ್ಚು ಉಳಿಯುತ್ತದೆ. ಪ್ರಾಯದ ಬಾತಿನ ಬಾಲದ ಗರಿಗೆ ಈ ಕಚ್ಚು ಇಲ್ಲ. ತುದಿ ದುಂಡಗೆ ಅಥವಾ ಚೂಪಾಗಿ ಪೂರ್ತಿಯಾಗಿರುತ್ತದೆ. ಮೂರು - ನಾಲ್ಕು ತಿಂಗಳ ಹೊತ್ತಿಗೆ ಹಳೆಯ ಗರಿ ಒಂದೊಂದಾಗಿ ಬಿದ್ದು ಹೊಸತು ಬರುತ್ತದೆ. ಹಾಗಾಗಿ ಒಂದೇ ಒಂದು ಕಚ್ಚುಗರಿ ಸಿಕ್ಕಿದರೂ ಆ ಬಾತು ಈ ವರ್ಷದ್ದೇ ಎಂದು ಧೈರ್ಯವಾಗಿ ತಿಳಿಯಬಹುದು. ಸಿಗದಿದ್ದರೆ ಮುದಿ ಎಂದು ತೀರ್ಮಾನಿಸಬೇಡಿ, ಗರಿ ಬದಲಾಗಿರಬಹುದು. ಸವೆದು ಹರಿದ ತುದಿಗೂ ಕಚ್ಚಿಗೂ ವ್ಯತ್ಯಾಸ ಇದೆ. ಕಚ್ಚು ಎರಡೂ ಬದಿ ಸಮ, ಸವೆತ ಅಡ್ಡಾದಿಡ್ಡಿ.

ಹೆಣ್ಣೋ ಗಂಡೋ?

ಐದರಿಂದ ಎಂಟು ವಾರದೊಳಗೆ ದನಿ ಒಡೆಯುತ್ತದೆ. ಎತ್ತಿಕೊಂಡಾಗ "ಕ್ವಾಕ್ ಕ್ವಾಕ್" ಎಂದು ಊರಿಗೆಲ್ಲ ಕೇಳುವಂತೆ ಕೂಗಿದರೆ ಹೆಣ್ಣು. ಗಂಟಲು ಕಟ್ಟಿದವರ ಹಾಗೆ ಪಿಸುದನಿ ಬಂದರೆ ಗಂಡು. ಮೊಟ್ಟೆಗೆಂದು ಕೊಳ್ಳುವವರು ಒಂದೊಂದನ್ನೂ ಎತ್ತಿ ಕೂಗಿಸಿಯೇ ದುಡ್ಡು ಕೊಡಿ.

ಮೂರು - ನಾಲ್ಕು ತಿಂಗಳಲ್ಲಿ ಗಂಡಿನ ಬಾಲದ ಮೇಲೆ ಸುರುಳಿ ಸುತ್ತಿದ ಗರಿ ಬರುತ್ತದೆ. ಸುರುಳಿ ಇದ್ದರೆ ಗಂಡೇ ಸರಿ. ಇಲ್ಲದಿದ್ದರೆ ಹೆಣ್ಣೇ ಎನ್ನುವಂತಿಲ್ಲ. ಪುಕ್ಕ ಉದುರುವ ಕಾಲದಲ್ಲಿ ಈ ಸುರುಳಿಯೂ ಬೀಳುತ್ತದೆ, ಯಾರಾದರೂ ಕಿತ್ತಿರಲೂಬಹುದು. ದನಿಯನ್ನು ಕೀಳಲು ಬರುವುದಿಲ್ಲವಲ್ಲ!

ಮಸ್ಕೋವಿ ಬಾತಿಗೆ ಈ ಲೆಕ್ಕ ಹಿಡಿಯುವುದಿಲ್ಲ. ಉಳಿದ ಸಾಕುಬಾತುಗಳೆಲ್ಲ ಮಲ್ಲಾರ್ಡ್ ಎಂಬ ಕಾಡುಬಾತಿನ ಸಂತತಿ. ಮಸ್ಕೋವಿ ಅಮೆರಿಕಾ ಖಂಡದ ಬೇರೆಯೇ ಜಾತಿ. ಮರಿಯಾಗಲು 28 ದಿನದ ಬದಲು 35 ದಿನ ಬೇಕು. ಅದು ಕೂಗುವುದಿಲ್ಲ, ಗಂಡಿಗೆ ಬಾಲದ ಸುರುಳಿಯೂ ಇಲ್ಲ. ಮುಖದ ಮೇಲಿನ ಕೆಂಪು ಗಂಟುಗಂಟು ಚರ್ಮವೇ ಅದರ ಗುರುತು. ಪ್ರಾಯ ಏರಿದಂತೆ ಅದು ದಪ್ಪವಾಗಿ ಹರಡುತ್ತದೆ, ಗಂಡಿನಲ್ಲಿ ಇನ್ನೂ ಹೆಚ್ಚು. ಗಂಡು ಹೆಣ್ಣಿಗಿಂತ ಬಹಳ ದೊಡ್ಡದು.

ಕೊಕ್ಕು, ಎದೆಮೂಳೆ, ಕಾಲು

ಆರು ತಿಂಗಳ ಆಚೀಚಿನ ಬಾತನ್ನು ಬೇರ್ಪಡಿಸಲು ಕೈಯ ಪರೀಕ್ಷೆ ಬೇಕು.

ಕೊಕ್ಕು: ಎಳೆಯ ಬಾತಿನ ಕೊಕ್ಕು ಮೆತ್ತಗೆ, ಬೆರಳಲ್ಲಿ ಒತ್ತಿದರೆ ಸ್ವಲ್ಪ ಬಾಗುತ್ತದೆ. ಎರಡು ತಿಂಗಳ ಮೇಲೆ ಗಟ್ಟಿಯಾಗುತ್ತಾ ಹೋಗಿ, ನಾಲ್ಕು ತಿಂಗಳು ದಾಟಿದ ಮೇಲೆ ಬಾಗುವ ಮಾತಿಲ್ಲ. ಗಂಟಲ ಕೊಳವೆಯೂ ಹಾಗೆಯೇ. ಎಳೆಯದರಲ್ಲಿ ಮೆತ್ತಗೆ, ಬಲಿತದ್ದರಲ್ಲಿ ಉಂಗುರ ಉಂಗುರವಾಗಿ ಗಟ್ಟಿ. ಇದನ್ನು ಒತ್ತುವಾಗ ಮೈಮೇಲೆ ಎಚ್ಚರ ಇರಲಿ, ಉಸಿರು ಕಟ್ಟೀತು.

ಎದೆಮೂಳೆ: ಎದೆಯ ನಡುವಿನ ಮೂಳೆಯ ಹಿಂತುದಿಯನ್ನು ಹೆಬ್ಬೆರಳಿನಲ್ಲಿ ಒತ್ತಿ. ಕಿವಿಯ ಹಾಲೆಯ ಮೇಲಿನ ಮೆತ್ತೆಲುಬಿನಂತೆ ಬಾಗಿದರೆ ಎಳೆಯದು. ಮರದ ತುಂಡಿನಂತೆ ನಿಂತರೆ ಬಲಿತದ್ದು.

ಕಾಲು: ಎಳೆಯ ಬಾತಿನ ಬೆರಳ ನಡುವಿನ ಪೊರೆ ತೆಳು, ನಯ, ಬಿಡಿಸಿದರೆ ಹೊಸ ರಬ್ಬರಿನಂತೆ. ಉಗುರು ಚೂಪು. ಪ್ರಾಯದ ಬಾತಿನ ಪೊರೆ ದಪ್ಪ, ಒರಟು. ಪಾದದಡಿ ಆಣಿಯಂತೆ ಗಟ್ಟಿಯಾಗಿರುತ್ತದೆ, ಉಗುರು ಮೊಂಡು. ಕಲ್ಲುನೆಲದಲ್ಲಿ, ಸಿಮೆಂಟಿನಲ್ಲಿ ಸಾಕಿದವುಗಳ ಪಾದ ಬೇಗ ಒರಟಾಗುತ್ತದೆ. ಹಾಗಾಗಿ ಕಾಲೊಂದನ್ನೇ ನೋಡಿ ಹೇಳಬಾರದು.

ಒಂದು ಮಾತು ಸ್ಪಷ್ಟ ಇರಲಿ. ಒಂದು ವರ್ಷ ದಾಟಿದ ಮೇಲೆ ಎರಡೋ, ಮೂರೋ, ನಾಲ್ಕೋ ಎಂದು ಕಣ್ಣಲ್ಲಿ ನೋಡಿ ಹೇಳುವ ಉಪಾಯ ಇಲ್ಲ. ಯಾರಾದರೂ "ಇದಕ್ಕೆ ಸರಿಯಾಗಿ ಎರಡೇ ವರ್ಷ" ಎಂದರೆ ಅವರ ಬಳಿ ಲೆಕ್ಕದ ಪುಸ್ತಕ ಇರಬೇಕು, ಇಲ್ಲವೇ ಅದು ಬಾಯಿಮಾತು. ಆದ್ದರಿಂದ ನಮ್ಮ ಬಾತಿಗಾದರೂ ನಾವು ಗುರುತು ಹಾಕೋಣ. ಪ್ರತಿ ವರ್ಷದ ಮರಿಗಳಿಗೆ ಒಂದೊಂದು ಬಣ್ಣದ ಪ್ಲಾಸ್ಟಿಕ್ ಉಂಗುರ ಕಾಲಿಗೆ ಹಾಕಿ, ಯಾವ ವರ್ಷ ಯಾವ ಬಣ್ಣ ಎಂದು ಗೋಡೆಯಲ್ಲಿ ಬರೆದಿಟ್ಟರೆ ಸಾಕು. ಕಾಲು ದಪ್ಪವಾಗುವಾಗ ಉಂಗುರ ಬಿಗಿಯಾಗದಂತೆ ನೋಡಿಕೊಳ್ಳಬೇಕು.

ಪ್ರಾಯಕ್ಕಿಂತ ಮುಖ್ಯ: ಈಗ ಮೊಟ್ಟೆ ಇಡುತ್ತಿದೆಯೇ?

ಬಾಲದಡಿ, ಮೊಟ್ಟೆ ಬರುವ ದ್ವಾರದ ಎರಡೂ ಬದಿಗೆ ಸೊಂಟದ ಮೂಳೆಯ ತುದಿಗಳು ಕೈಗೆ ಸಿಗುತ್ತವೆ. ಮೊಟ್ಟೆ ಇಡುವ ಬಾತಿನಲ್ಲಿ ಇವುಗಳ ನಡುವೆ ಎರಡು - ಮೂರು ಬೆರಳು ಹಿಡಿಸುತ್ತದೆ, ಮೂಳೆ ತೆಳು, ಹೊಟ್ಟೆ ಮೆತ್ತಗೆ ತುಂಬಿಕೊಂಡಿರುತ್ತದೆ. ದ್ವಾರ ಅಗಲ, ತೇವ. ಇಡದ ಬಾತಿನಲ್ಲಿ ಒಂದು ಬೆರಳು ಹಿಡಿಯುವುದೂ ಕಷ್ಟ, ದ್ವಾರ ಕುಗ್ಗಿ ಒಣಗಿರುತ್ತದೆ.

ಈಗ ಎರಡು ಪರೀಕ್ಷೆ ಸೇರಿಸಿ. ಕೊಕ್ಕು ಗಟ್ಟಿ, ಪಾದ ನಯ, ಸೊಂಟದಲ್ಲಿ ಒಂದೇ ಬೆರಳು: ಇನ್ನೂ ಮೊಟ್ಟೆಗೆ ಬಾರದ ಹೊಸ ಬಾತು, ಕೊಳ್ಳಬಹುದು. ಪಾದ ಒರಟು, ಸೊಂಟದಲ್ಲಿ ಮೂರು ಬೆರಳು: ಹಳತು, ಆದರೆ ಇಡುತ್ತಿದೆ. ಬೆಲೆ ಇಳಿಸಿದರೆ ಅಡ್ಡಿಯಿಲ್ಲ. ಪಾದ ಒರಟು, ಸೊಂಟದಲ್ಲಿ ಒಂದೇ ಬೆರಳು: ಒಂದೋ ಕೆಲಸ ಮುಗಿಸಿದ್ದು, ಇಲ್ಲವೇ ಪುಕ್ಕ ಬದಲಿಸುತ್ತಿರುವುದು. ಯಾವುದು ಎಂದು ಗರಿಯೇ ಹೇಳಬೇಕು.

ಪುಕ್ಕ ಉದುರಿದ್ದಕ್ಕೆ ಹೆದರಬೇಡಿ

ಕೋಳಿ ರೆಕ್ಕೆಯ ದೊಡ್ಡ ಗರಿಗಳನ್ನು ಒಂದಾದ ಮೇಲೊಂದು ಬೀಳಿಸುತ್ತದೆ. ಬಾತು ಹಾಗಲ್ಲ. ರೆಕ್ಕೆಯ ದೊಡ್ಡ ಗರಿಗಳನ್ನೆಲ್ಲ ಒಟ್ಟಿಗೇ ಎಂಬಂತೆ ಬೀಳಿಸಿ ಮೂರು - ನಾಲ್ಕು ವಾರ ಬೋಳು ರೆಕ್ಕೆಯಲ್ಲಿ ಓಡಾಡುತ್ತದೆ. ಕಾಡುಬಾತುಗಳಿಗೂ ಆ ಕೆಲವು ವಾರ ಹಾರಲು ಬರುವುದಿಲ್ಲ. ನೋಡುವವರಿಗೆ ರೋಗ ಬಂದಂತೆ ಕಾಣುತ್ತದೆ. ಮೊಟ್ಟೆಯೂ ನಿಲ್ಲುತ್ತದೆ. ದೇಹಕ್ಕೆ ಒಂದೇ ಹೊತ್ತಿಗೆ ಗರಿಯನ್ನೂ ಮೊಟ್ಟೆಯನ್ನೂ ಮಾಡುವಷ್ಟು ಪ್ರೋಟೀನ್ ಎಲ್ಲಿಂದ ಬರಬೇಕು? ಗರಿಯಲ್ಲಿ ನೂರಕ್ಕೆ ತೊಂಬತ್ತರಷ್ಟು ಪ್ರೋಟೀನೇ.

ಅಂಥ ಬಾತಿನ ರೆಕ್ಕೆ ಬಿಡಿಸಿ ನೋಡಿ. ಹೊಸ ಗರಿಯ ಮೊಳಕೆಗಳು ಸಾಲಾಗಿ, ಸಮನಾಗಿ ಇದ್ದರೆ, ಕಣ್ಣು ಹೊಳೆಯುತ್ತಿದ್ದರೆ, ಮೇವಿಗೆ ಓಡಿಬಂದರೆ ಅದು ಸಹಜ ಬದಲಾವಣೆ. ಗರಿ ತುಂಬಿದ ಮೇಲೆ ಮತ್ತೆ ಮೊಟ್ಟೆಗೆ ಬರುತ್ತದೆ. ಈ ಸಮಯದಲ್ಲಿ ಆಹಾರ ಕಡಿಮೆ ಮಾಡುವುದು ತಿಳಿಗೇಡಿತನ. ಮೀನಿನ ತ್ಯಾಜ್ಯ, ಬಸವನಹುಳ, ಎರೆಹುಳ, ಒಳ್ಳೆಯ ಹಿಂಡಿ ಸ್ವಲ್ಪ ಜಾಸ್ತಿಯೇ ಕೊಡಿ.

ಗರಿಯ ಗುಣ: ಮೂರು ಪರೀಕ್ಷೆ

ಒಂದು, ನೀರು ಚಿಮುಕಿಸಿ. ಒಳ್ಳೆಯ ಗರಿಯ ಮೇಲೆ ನೀರು ಕೆಸುವಿನೆಲೆಯ ಮೇಲಿನಂತೆ ಹನಿಹನಿಯಾಗಿ ಉರುಳಿ ಬೀಳುತ್ತದೆ. ಇಂಗಿ ಮೈಗೆ ಅಂಟಿದರೆ ಗರಿ ಕೆಟ್ಟಿದೆ.

ಎರಡು, ಗರಿ ಬಿಡಿಸಿ. ರೆಕ್ಕೆಯ ಒಂದು ಗರಿಯ ಎಳೆಗಳನ್ನು ಬೇರ್ಪಡಿಸಿ, ಬೆರಳಲ್ಲಿ ಬುಡದಿಂದ ತುದಿಗೆ ಸವರಿ. ಒಳ್ಳೆಯ ಗರಿ ಜಿಪ್ ಎಳೆದಂತೆ ಮತ್ತೆ ಕೂಡಿಕೊಳ್ಳುತ್ತದೆ. ಎಳೆಗಳಲ್ಲಿರುವ ಸೂಕ್ಷ್ಮ ಕೊಕ್ಕೆಗಳ ಕೆಲಸ ಇದು. ನೀರನ್ನು ತಡೆಯುವುದೂ ಮುಖ್ಯವಾಗಿ ಈ ಹೆಣಿಗೆಯೇ. ಬಾಲದ ಬುಡದ ಗ್ರಂಥಿಯಿಂದ ಬಾತು ಕೊಕ್ಕಿನಲ್ಲಿ ತೆಗೆದು ಹಚ್ಚುವ ಎಣ್ಣೆ ಈ ಹೆಣಿಗೆ ಒಣಗಿ ಮುರಿಯದಂತೆ ಕಾಯುತ್ತದೆ. ಕೂಡದೆ ಕೆದರಿಯೇ ಉಳಿದರೆ ಗರಿ ಸವೆದಿದೆ.

ಮೂರು, ಬೆಳಕಿಗೆ ಹಿಡಿಯಿರಿ. ರೆಕ್ಕೆ ಬಿಡಿಸಿ ಸೂರ್ಯನ ಕಡೆ ಹಿಡಿದರೆ ಕೆಲವು ಬಾತುಗಳ ಗರಿಗೆ ಅಡ್ಡಲಾಗಿ ತೆಳುವಾದ ಗೆರೆ ಕಾಣುತ್ತದೆ. ಆ ಗರಿ ಬೆಳೆಯುತ್ತಿದ್ದ ದಿನಗಳಲ್ಲಿ ಹಕ್ಕಿ ಹಸಿದಿತ್ತು, ರೋಗದಲ್ಲಿತ್ತು ಅಥವಾ ಬೆದರಿತ್ತು ಎಂದರ್ಥ. ಬಾತಿನ ರೆಕ್ಕೆಯ ಗರಿಗಳು ಒಟ್ಟಿಗೇ ಬೆಳೆಯುವುದರಿಂದ ಗೆರೆ ಎಲ್ಲದರಲ್ಲೂ ಒಂದೇ ಸಾಲಿನಲ್ಲಿರುತ್ತದೆ. ಅಂಥ ಗರಿ ಆ ಗೆರೆಯಲ್ಲೇ ಮುರಿಯುವುದು ಹೆಚ್ಚು. ಮಾರುವವ ಏನೇ ಹೇಳಲಿ, ಅವನ ಹಟ್ಟಿಯ ಚರಿತ್ರೆ ರೆಕ್ಕೆಯಲ್ಲಿ ಬರೆದಿರುತ್ತದೆ.

ರೆಕ್ಕೆಯಡಿ ಮತ್ತು ದ್ವಾರದ ಸುತ್ತ ಗರಿ ಸರಿಸಿ ಹೇನು ಇದೆಯೇ ಎಂದೂ ನೋಡಿ. ರೆಕ್ಕೆಯ ಕೊನೆಯ ಗಂಟು ಹೊರಕ್ಕೆ ತಿರುಚಿ ನಿಂತಿದ್ದರೆ ಅದು ಬೆಳೆಯುವಾಗ ಆದ ದೋಷ. ಅತಿಯಾದ ಶಕ್ತಿಯುತ ಆಹಾರ ಕೊಟ್ಟು ಬೇಗ ಬೆಳೆಸಿದ ಮರಿಗಳಲ್ಲಿ ಕಾಣುತ್ತದೆ. ಎಳವೆಯಲ್ಲೇ ಮಡಚಿ ಕೆಲವು ದಿನ ಕಟ್ಟಿದರೆ ಸರಿಯಾಗಬಹುದು, ಬಲಿತ ಮೇಲೆ ಆಗದು. ಮೊಟ್ಟೆಗೆ ತೊಂದರೆ ಇಲ್ಲ.

ಗರಿ ಕೆಡುವುದು ಯಾಕೆ?

ಹೆಚ್ಚಿನ ಕಾರಣ ನಮ್ಮ ಹಟ್ಟಿಯಲ್ಲೇ ಇದೆ. ಮಳೆಗಾಲ ಪೂರ್ತಿ ಕೆಸರು, ಹಿಕ್ಕೆಯ ಮೇಲೆ ಮಲಗಿದರೆ ಹೊಟ್ಟೆಯ ಗರಿ ಅಂಟಿ ಕೆಡುತ್ತದೆ. ರಾತ್ರಿ ಮಲಗುವ ಜಾಗ ಒಣಗಿರಬೇಕು. ದರಲೆ, ಭತ್ತದ ಹೊಟ್ಟು, ಮರದ ಹುಡಿ ಯಾವುದಾದರೂ ಸರಿ. ಈಜಲು ಕೆರೆ ಇರಲೇಬೇಕೆಂದಿಲ್ಲ. ಆದರೆ ತಲೆ ಪೂರ್ತಿ ಮುಳುಗುವಷ್ಟು ಆಳದ ನೀರು ಬೇಕೇ ಬೇಕು. ಕಣ್ಣು, ಮೂಗು ತೊಳೆಯಲು, ಮೈಗೆ ಎರಚಿ ಗರಿ ನೇರ್ಪುಗೊಳಿಸಲು.

ನಾಲ್ಕರಿಂದ ಏಳು ವಾರದ ಮರಿಗಳನ್ನು ಒತ್ತೊತ್ತಾಗಿ ಕೂಡಿದರೆ ಒಂದರ ಮೊಳಕೆ ಗರಿಯನ್ನು ಇನ್ನೊಂದು ಕೀಳುತ್ತದೆ. ಜಾಗ ಹೆಚ್ಚಿಸಿ, ಹಸಿರು ಸೊಪ್ಪು ಕಟ್ಟಿ. ಬಲ್ಬಿನ ಕಾವಿನಲ್ಲಿ ಬೆಳೆದ ಮರಿಗಳನ್ನು ಎದೆ ಹೊಟ್ಟೆಗೆ ಗರಿ ಬರುವ ಮೊದಲು ಕೆರೆಗೆ ಬಿಡಬೇಡಿ. ಒದ್ದೆಯಾಗಿ ಚಳಿಗೆ ಸಾಯುತ್ತವೆ. ‘ಬಾತುಮರಿಗೆ ಈಜು ಕಲಿಸಬೇಕೇ’ ಎನ್ನುವುದು ತಾಯಿಯ ಹಿಂದೆ ಹೋಗುವ ಮರಿಗೆ ಸರಿ.

ಇನ್ನು ಬೂಸ್ಟು. ಬಾತಿನಷ್ಟು ಬೂಸ್ಟಿನ ವಿಷಕ್ಕೆ ಬಲಿಯಾಗುವ ಸಾಕುಹಕ್ಕಿ ಬೇರೆ ಇಲ್ಲ. ನೆಲಗಡಲೆ ಹಿಂಡಿ, ಜೋಳ ಮಳೆಗಾಲದಲ್ಲಿ ಬೂಸ್ಟು ಹಿಡಿದರೆ ಅದರಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಮರಿ ತಿನ್ನುವುದು ಬಿಡುತ್ತದೆ, ಬೆಳವಣಿಗೆ ನಿಲ್ಲುತ್ತದೆ, ಕುಂಟುತ್ತದೆ, ಸಾಯುತ್ತದೆ. "ದನಕ್ಕೆ ಬೇಡವಾದ್ದು ಬಾತಿಗಿರಲಿ" ಎನ್ನುವ ಅಭ್ಯಾಸ ಬಿಡಬೇಕು.

ಕೀಳುವ ಹದ, ಗರಿಯ ಉಪಯೋಗ

ಮಾಂಸಕ್ಕೆ ಸಾಕಿದವರಿಗೂ ಗರಿಯ ಲೆಕ್ಕ ಬೇಕು. ಏಳನೇ ವಾರದ ಹೊತ್ತಿಗೆ ಮೊದಲ ಗರಿ ತುಂಬಿರುತ್ತದೆ, ಕಿತ್ತರೆ ಮೈ ಸ್ವಚ್ಛ. ಅದಾಗಿ ಮುಂದಿನ ಗರಿ ಮೂಡುವ ಕಾಲದಲ್ಲಿ, ಅಂದರೆ ಸುಮಾರು ಎಂಟರಿಂದ ಹನ್ನೆರಡು ವಾರ, ಚರ್ಮದೊಳಗೆ ಕಪ್ಪು ಮೊಳಕೆಗಳು. ಇಡೀ ಮನೆಯವರು ಕೂತು ಕಿತ್ತರೂ ಮುಗಿಯದು. ಎದೆಯ ಗರಿಯನ್ನು ಹಿಮ್ಮುಖವಾಗಿ ಸವರಿ ನೋಡಿ. ಮೊಳಕೆ ಕಂಡರೆ ಕೆಲವು ವಾರ ತಡೆಯಿರಿ.

ಬ್ಯಾಡ್ಮಿಂಟನ್ ಆಟದ ಗರಿಚೆಂಡಿಗೆ ಬಾತಿನ ರೆಕ್ಕೆಯ ಗರಿ ಬಳಸುತ್ತಾರೆ. ಪಶ್ಚಿಮ ಬಂಗಾಳದ ಉಲುಬೇರಿಯಾದಲ್ಲಿ ಇದು ಮನೆಮನೆಯ ಕಸುಬು. ಒಂದು ಚೆಂಡಿಗೆ 16 ಗರಿ, ಎಲ್ಲವೂ ಒಂದೇ ಬದಿಯ ರೆಕ್ಕೆಯವು, ನೇರ, ಬಿಳಿ, ಗಟ್ಟಿ ದಂಟಿನವು ಆಗಬೇಕು. ಕಂದುಬಣ್ಣದ ನಮ್ಮ ಬಾತುಗಳ ಗರಿ ಅಲ್ಲಿಗೆ ಸಲ್ಲದು. ಅದನ್ನು ಎಸೆಯದೆ ಗೊಬ್ಬರದ ಗುಂಡಿಗೆ ಹಾಕಿ. ಸಾರಜನಕ ಧಾರಾಳ ಇದೆ, ಕರಗುವುದು ನಿಧಾನ ಅಷ್ಟೇ.

ತಂದ ಮೇಲೆ

ಕುಟ್ಟನಾಡಿನಲ್ಲಿ 2014ರಲ್ಲಿ, ಮತ್ತೆ 2021ರಲ್ಲಿ ಹಕ್ಕಿಜ್ವರ ಬಂದು ಸಾವಿರಾರು ಬಾತುಗಳನ್ನು ಕೊಲ್ಲಬೇಕಾಯಿತು. ಚೆನ್ನಾಗಿ ಕಾಣುವ ಬಾತೂ ರೋಗ ಹೊತ್ತಿರಬಹುದು. ಹೊಸದಾಗಿ ತಂದವನ್ನು ಎರಡು - ಮೂರು ವಾರ ಹಳೆಯ ಹಿಂಡಿನಿಂದ, ಕೋಳಿಗಳಿಂದ ದೂರ ಇಡಿ. ಗರಿ ಕೆದರಿ, ಕಣ್ಣು ಅರೆಮುಚ್ಚಿ, ದ್ವಾರದ ಸುತ್ತ ಹಿಕ್ಕೆ ಮೆತ್ತಿಕೊಂಡು ಬೆಳಕಿಗೆ ಬಾರದೆ ಮೂಲೆ ಹಿಡಿಯುವುದನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ತರಬೇಡಿ. ಬಾತು ಪ್ಲೇಗಿನ ಲಕ್ಷಣವೂ ಇದೇ. ಅದಕ್ಕೆ ಲಸಿಕೆ ಇದೆ. ಹಾಕಿಸಿದ್ದಾರೆಯೇ ಎಂದು ಕೇಳಿ, ಇಲ್ಲವಾದರೆ ಹತ್ತಿರದ ಪಶುವೈದ್ಯರಲ್ಲಿ ವಿಚಾರಿಸಿ.

ಸಂತೆಗೆ ಹೋಗುವಾಗ ಇಷ್ಟು ನೆನಪಿರಲಿ: ಕೂಗಿಸಿ, ಕೊಕ್ಕು ಒತ್ತಿ, ಬಾಲದ ತುದಿ ನೋಡಿ, ಪಾದ ಸವರಿ, ಸೊಂಟಕ್ಕೆ ಬೆರಳಿಟ್ಟು, ರೆಕ್ಕೆಯನ್ನು ಬೆಳಕಿಗೆ ಹಿಡಿಯಿರಿ. ಒಂದು ಬಾತಿಗೆ ಎರಡು ನಿಮಿಷ ಸಾಕು. ಒಂದೇ ಗುರುತನ್ನು ನಂಬದೆ ಮೂರು ಗುರುತು ಒಂದೇ ಮಾತು ಹೇಳಿದರೆ ಮಾತ್ರ ವ್ಯಾಪಾರ ಕುದುರಿಸಿ. ಹಾಗೆ ನೋಡುವವರನ್ನು ಕಂಡರೆ ಮಾರುವವರೂ ಲೆಕ್ಕ ಸರಿಯಾಗಿಯೇ ಹೇಳುತ್ತಾರೆ. ಬಾತಿನ ಪ್ರಾಯ ತಿಳಿಯಲು ನಿಮ್ಮಲ್ಲಿ ಬೇರೆ ಉಪಾಯ ಇದ್ದರೆ ಬರೆದು ತಿಳಿಸಿ, ಉಳಿದವರಿಗೂ ಉಪಕಾರವಾದೀತು.